ದೊಡ್ಡ ಮಳಿಗೆಯಲ್ಲಿ ಅಗ್ಗದ ಅಡುಗೆ ಸಾಮಾನು: ಕಾಸರಗೋಡಿನ ಅಡುಗೆಮನೆಗೆ ನಾನು ಆರಿಸುವ ಕ್ರಮ

ಅಗ್ಗದ ಅಡುಗೆ ಸಾಮಾನು ಕೈಗೆತ್ತಿಕೊಂಡಾಗ ಬೆಲೆಚೀಟಿಗಿಂತ ಮೊದಲು ನಾನು ಯೋಚಿಸುವುದು, ಇದು ನಮ್ಮ ಮಳೆಗಾಲ ಕಳೆದೀತೇ ಎಂದು. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಉಪ್ಪಳ, ಕುಂಬಳೆ, ಮಂಜೇಶ್ವರದ ಕಡಲಬದಿಯಲ್ಲಿ ಗಾಳಿಯಲ್ಲೇ ಉಪ್ಪು. ಅಡುಗೆಗೆ ಹುಣಸೆ, ಬಿಂಬುಳಿ, ಪುನರ್ಪುಳಿಯಂಥ ಹುಳಿ. ಬಯಲುಸೀಮೆಯಲ್ಲಿ ವರ್ಷಗಟ್ಟಲೆ ಹೊಳೆಯುವ ಸ್ಟೀಲಿಗೆ ಇಲ್ಲಿ ಒಂದೇ ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು) ಕೆಂಪು ಚುಕ್ಕೆ ಏಳಬಹುದು. ಹಾಗಾಗಿ ದೊಡ್ಡ ಗೃಹೋಪಕರಣ ಮಳಿಗೆಯಲ್ಲಿ ಯಾವುದು ಅಗ್ಗ ಎಂಬ ಲೆಕ್ಕ ಬೆಂಗಳೂರಿನವರಿಗೊಂದು, ನಮಗೊಂದು.

ಅಂಥ ಮಳಿಗೆಗೆ ಹೋಗುವ ಮೊದಲೇ ಅಲ್ಲಿ ಕೊಳ್ಳಬಾರದ ವಸ್ತುಗಳನ್ನು ನಿಶ್ಚಯಿಸಿಕೊಳ್ಳಬೇಕು. ದೋಸೆ ಕಾವಲಿ, ಇಡ್ಲಿ ಬೇಯಿಸುವ ಅಟ್ಟಿನಳಗೆ, ಉರುಳಿ, ಹೆರೆಮಣೆ, ಸೇಮಿಗೆ ಮಣೆ, ಕುಕ್ಕರ್: ಇವೆಲ್ಲ ಕಾಸರಗೋಡು, ಬದಿಯಡ್ಕ ಅಥವಾ ಮಂಗಳೂರಿನ ಪಾತ್ರೆ ಅಂಗಡಿಯಲ್ಲೇ ಆಗಬೇಕು. ಅಲ್ಲಿನ ಅಂಗಡಿಯವರಿಗೆ ನೀರುದೋಸೆಗೆ ಎಷ್ಟು ದಪ್ಪದ ಕಾವಲಿ ಬೇಕೆಂದು ಗೊತ್ತು. ಕುಕ್ಕರಿನ ರಬ್ಬರ್, ವಾಲ್ವ್, ಹಿಡಿ ನಾಳೆ ಹಾಳಾದರೆ ಬದಲಿ ಅಲ್ಲೇ ಸಿಗುತ್ತದೆ. ದೊಡ್ಡ ಮಳಿಗೆಯಿಂದ ತರಲು ಯೋಗ್ಯವಾದವು ಬೇರೆ: ಮುಚ್ಚಳವಿರುವ ಗಾಜಿನ ಪೆಟ್ಟಿಗೆ, ಗಾಳಿಯಾಡದ ಡಬ್ಬಿ, ಸಿಲಿಕೋನ್ ಸಟ್ಟುಗ, ಅಳತೆಯ ಲೋಟ ಮತ್ತು ಚಮಚ, ಸಣ್ಣ ಕಣ್ಣಿನ ಜರಡಿ, ಇಕ್ಕುಳ, ತರಕಾರಿ ಚಾಕು, ಪಾತ್ರೆ ಒಣಗಿಸುವ ತಟ್ಟಿ. ನಮ್ಮ ಪೇಟೆಯಲ್ಲಿ ಇವು ಒಂದೋ ಸಿಗುವುದಿಲ್ಲ, ಸಿಕ್ಕರೂ ಆಯ್ಕೆ ಕಡಿಮೆ.

ಹೊರಡುವ ಮುನ್ನ ಮನೆಯಲ್ಲಿ ಅಳೆದು ಬರೆದುಕೊಳ್ಳುವುದು ನಾಲ್ಕು ಅಳತೆ: ಫ್ರಿಜ್ ತಟ್ಟೆಗಳ ನಡುವಿನ ಎತ್ತರ, ಅದರ ಆಳ, ಕಪಾಟಿನ ಅಂತರ, ಸಿಂಕಿನ ಅಗಲ. ಪೆಟ್ಟಿಗೆ ಫ್ರಿಜ್ಜಿನೊಳಗೆ ಅರ್ಧ ಇಂಚು ಹೆಚ್ಚಾಗಿ ಬಾಗಿಲು ಹಾಕಲಾಗದಿದ್ದರೆ ಎಷ್ಟು ಅಗ್ಗವಾದರೂ ದಂಡವೇ. ಜೊತೆಗೆ ಒಂದು ಪುಟ್ಟ ಅಯಸ್ಕಾಂತ, ಉಕ್ಕಿನ ಅಡಿಪಟ್ಟಿ, ಸಾಮಾನು ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಚೀಲದಲ್ಲಿರಲಿ.

ತಕ್ಕಡಿಗೆ ಕಾರಣವಿದೆ. ನಮ್ಮ ಕಡೆಯ ಪಾತ್ರೆ ಅಂಗಡಿಗಳಲ್ಲಿ ಸ್ಟೀಲ್ ಪಾತ್ರೆಯನ್ನು ಬಹುತೇಕ ತೂಕದ ಲೆಕ್ಕದಲ್ಲಿ ಮಾರುತ್ತಾರೆ. ದೊಡ್ಡ ಮಳಿಗೆಯಲ್ಲಿ ಬೆಲೆ ತುಂಡಿನ ಲೆಕ್ಕದಲ್ಲಿ, ಹೋಲಿಸುವುದಕ್ಕೇ ಬರುವುದಿಲ್ಲ. ಪಾತ್ರೆಯನ್ನು ಚೀಲಕ್ಕೆ ಹಾಕಿ ತೂಗಿ ಬೆಲೆಯನ್ನು ಕಿಲೋಗೆ ತಿರುಗಿಸಿದರೆ ವಿಷಯ ಬೆಳಕಿಗೆ ಬರುತ್ತದೆ. ಉದಾಹರಣೆಗೆ 220 ಗ್ರಾಂ ತೂಗುವ ಬೋಗುಣಿಗೆ 199 ರೂಪಾಯಿ ಎಂದರೆ ಕಿಲೋಗೆ 900 ರೂಪಾಯಿಯ ಮೇಲೆ. ಊರಿನ ದರಕ್ಕಿಂತ ಇದು ಹೆಚ್ಚಾದರೆ ಆ ಹೆಚ್ಚಿನ ದುಡ್ಡಿಗೆ ಏನು ಸಿಕ್ಕಿತೆಂದು ನೋಡಬೇಕು: ಒಳಗೆ ಅಳತೆಯ ಗೆರೆ, ಹೊಂದುವ ಮುಚ್ಚಳ, ಮಡಚಿದ ಅಂಚು, ಒಂದರೊಳಗೊಂದು ಕೂರುವ ಆಕಾರ. ಇವುಗಳಲ್ಲಿ ಒಂದೂ ಇಲ್ಲದಿದ್ದರೆ ಅಲ್ಲೇ ಇಟ್ಟುಬಿಡುತ್ತೇನೆ.

ಸ್ಟೀಲಿನ ಜಾತಿ ತಿಳಿಯಲು ಅಯಸ್ಕಾಂತ ಸಾಕು ಎಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ. 304 ಎಂದು ಕರೆಯುವ ಒಳ್ಳೆಯ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್. ಪೆಟ್ಟಿಗೆಯ ಮೇಲೆ 18/8 ಎಂದು ಬರೆದಿರುವುದು ಇದನ್ನೇ. 202 ಜಾತಿಯಲ್ಲಿ ನಿಕಲ್ 4ರಿಂದ 6 ಭಾಗಕ್ಕೆ ಇಳಿದು, ಅದರ ಜಾಗಕ್ಕೆ ಮ್ಯಾಂಗನೀಸ್ ಬಂದಿರುತ್ತದೆ. ಎರಡಕ್ಕೂ ಅಯಸ್ಕಾಂತ ಅಂಟುವುದಿಲ್ಲ, ಒತ್ತಿ ಬಗ್ಗಿಸಿದ ಅಂಚಿನಲ್ಲಿ ಸ್ವಲ್ಪ ಎಳೆದಂತಾಗಬಹುದು ಅಷ್ಟೆ. ಆದರೆ ಉಪ್ಪುಗಾಳಿಗೆ 202 ಬೇಗ ಸೋಲುತ್ತದೆ. ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಅದು ನಿಕಲ್ ಇಲ್ಲದ 430 ಜಾತಿಯದ್ದು ಇರಬಹುದು; ಚಮಚ, ತಟ್ಟೆಗೆ ಆದೀತು, ಉಪ್ಪಿನ ಪದಾರ್ಥ ಹಾಕಿಡಲು ಆಗದು. ಅಯಸ್ಕಾಂತದ ನಿಜವಾದ ಉಪಯೋಗ ಇಂಡಕ್ಷನ್ ಒಲೆಯ ಪಾತ್ರೆ ಆರಿಸುವಾಗ: ಅದು ತಳಕ್ಕೆ ಅಂಟಲೇಬೇಕು, ತಳದ ಅಗಲವೂ ಸಾಮಾನ್ಯವಾಗಿ 12 ಸೆಂಟಿಮೀಟರಿಗೆ ಕಡಿಮೆ ಇರಬಾರದು. ಇಲ್ಲದಿದ್ದರೆ ಪಾತ್ರೆ ಇಟ್ಟದ್ದೇ ಒಲೆಗೆ ಗೊತ್ತಾಗುವುದಿಲ್ಲ.

ಜಾತಿ ಬರೆಯದ ಅಗ್ಗದ ಸ್ಟೀಲಿಗೆ ನನ್ನದು ಉಪ್ಪಿನ ಪರೀಕ್ಷೆ. ಒಂದೇ ಒಂದು ಚಮಚವನ್ನೋ ಬಟ್ಟಲನ್ನೋ ತರುವುದು. ತೊಳೆದು, ಹಿಂಬದಿಯಲ್ಲಿ ಉಪ್ಪುನೀರಿನಲ್ಲಿ ನೆನೆಸಿದ ಕಾಗದದ ತುಂಡು ಅಂಟಿಸಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೆಗೆದು ನೋಡುವುದು. ಕಂದು ಚುಕ್ಕೆ ಬಂದಿದ್ದರೆ ಆ ಸಾಲಿನ ಬೇರೆ ಯಾವುದನ್ನೂ ತರುವ ಅಗತ್ಯವಿಲ್ಲ. ಹೆಚ್ಚು ಹೊತ್ತು ಬಿಡಬಾರದು. ನಿಂತ ಉಪ್ಪುನೀರು ಒಳ್ಳೆಯ ಸ್ಟೀಲಿಗೂ ಗುಳಿ ಬೀಳಿಸಬಲ್ಲುದು, ಆಗ ಪರೀಕ್ಷೆ ತಪ್ಪು ತೀರ್ಪು ಕೊಡುತ್ತದೆ.

ಇನ್ನೊಂದು ಜಾಗ ಬೆಸುಗೆ. ಅಗ್ಗದ ಸೌಟು, ಜರಡಿಗಳಲ್ಲಿ ಹಿಡಿಯನ್ನು ಎರಡು ಚುಕ್ಕೆ ಬೆಸುಗೆಯಲ್ಲಿ ನಿಲ್ಲಿಸಿರುತ್ತಾರೆ. ಹಿಡಿಗೂ ಬಟ್ಟಲಿಗೂ ನಡುವೆ ಉಗುರು ಹೋಗುವಷ್ಟು ಸಂದಿ ಇದ್ದರೆ ಅಲ್ಲಿ ಸಾಂಬಾರು ನಿಲ್ಲುತ್ತದೆ, ನೀರು ನಿಲ್ಲುತ್ತದೆ, ತುಕ್ಕು ಅಲ್ಲಿಂದಲೇ ಶುರು. ಒಂದೇ ತಗಡಿನಿಂದ ಒತ್ತಿದ ಸೌಟು ನೋಡಲು ಸಾಧಾರಣ, ಬಾಳಿಕೆಯಲ್ಲಿ ಮೇಲು. ಟೊಳ್ಳು ಹಿಡಿಯ ತುದಿಯಲ್ಲಿ ತೂತಿದ್ದರೆ ಒಳಗೆ ಸೇರಿದ ನೀರು ಮಳೆಗಾಲವಿಡೀ ಆರುವುದೇ ಇಲ್ಲ. ಕಾಯಿಹಾಲು ಸೋಸುವ ಜರಡಿಯಾದರೆ ಬಲೆ ಅಂಚಿಗೆ ಎರಡು ಮಡಿಕೆಯಾಗಿ ಕಚ್ಚಿರಬೇಕು. ಹೆಬ್ಬೆರಳಿನಿಂದ ಬಲೆಯ ಮಧ್ಯ ಒತ್ತಿ ನೋಡಿ. ಒಂದು ಕಡೆ ಸಡಿಲವಾದರೂ, ಅರೆದ ಕಾಯಿಯನ್ನು ಸೌಟಿನಿಂದ ಒತ್ತುವಾಗ ಅದು ಕಿತ್ತು ಬರುವುದು ಖಂಡಿತ. ಕುಚಲಕ್ಕಿ ಅನ್ನ ಬಸಿಯಲು ಕಾಲಿರುವ ತೂತಿನ ಪಾತ್ರೆ ಬೇಕು. ಕಾಲಿಲ್ಲದಿದ್ದರೆ ಬಿದ್ದ ತಿಳಿಯಲ್ಲೇ ಅನ್ನ ಕೂರುತ್ತದೆ.

ದೊಡ್ಡ ಮಳಿಗೆಯ ನಿಜವಾದ ಲಾಭ ಇರುವುದು ಗಾಜಿನ ಪೆಟ್ಟಿಗೆಗಳಲ್ಲಿ, ಅದಕ್ಕೇ ಇಲ್ಲಿ ನಿಧಾನವಾಗಿ ನೋಡುತ್ತೇನೆ. ಗಾಜಿನಲ್ಲಿ ಎರಡು ಬಗೆ ಇರುವುದನ್ನು ಚೀಟಿಯಲ್ಲಿ ಓದಬೇಕು. ಬೋರೋಸಿಲಿಕೇಟ್ ಗಾಜು ಶಾಖಕ್ಕೆ ಹಿಗ್ಗುವುದು ಸಾಮಾನ್ಯ ಸೋಡಾಲೈಮ್ ಗಾಜಿನ ಸುಮಾರು ಮೂರನೇ ಒಂದು ಭಾಗ ಮಾತ್ರ. ಆದ್ದರಿಂದ ಫ್ರಿಜ್ಜಿನಿಂದ ತೆಗೆದ ಪೆಟ್ಟಿಗೆಗೆ ಬಿಸಿ ತಾಗಿದರೂ ಒಡೆಯುವ ಸಂಭವ ಕಡಿಮೆ. ಹದಗೊಳಿಸಿದ ಸೋಡಾಲೈಮ್ ಗಾಜು ಕೈಯಿಂದ ಬಿದ್ದಾಗ ಗಟ್ಟಿ, ಥಟ್ಟನೆ ತಣ್ಣಗಿನಿಂದ ಬಿಸಿಗೆ ಹೋದಾಗ ದುರ್ಬಲ. ಕಾಯಿತುರಿ ಫ್ರೀಜರಿನಲ್ಲಿಟ್ಟು ಆಮೇಲೆ ಮೈಕ್ರೋವೇವಿಗೆ ಹಾಕುವವರಿಗೆ ಬೋರೋಸಿಲಿಕೇಟೇ ಬೇಕು. ಬರೀ ಹಣ್ಣು, ಪಲ್ಯ ಇಡಲು ಸಾಮಾನ್ಯ ಗಾಜು ಸಾಕು, ದುಡ್ಡು ಉಳಿಯಿತು. ಯಾವುದನ್ನೂ ಗ್ಯಾಸಿನ ಉರಿಯ ಮೇಲೆ ಇಡಬಾರದು. ಬೆಳಕಿಗೆ ಹಿಡಿದು ಗುಳ್ಳೆ, ಗೀರು ನೋಡಿ. ಅಂಚಿನ ಸುತ್ತ ಉಗುರು ಓಡಿಸಿ. ಉಗುರು ಎಲ್ಲಿ ತಡೆಯಿತೋ ಅಲ್ಲಿ ಚಕ್ಕೆ ಎದ್ದಿದೆ, ಒಡೆಯುವುದೂ ಅಲ್ಲಿಂದಲೇ.

ಮುಚ್ಚಳದ ಲೆಕ್ಕ ಬೇರೆ. ಐಕಿಯಾ ಎಂಬ ದೊಡ್ಡ ಗೃಹೋಪಕರಣ ಮಳಿಗೆಯ 365+ ಸಾಲಿನಂಥ ಕಡೆ ಪೆಟ್ಟಿಗೆ ಮತ್ತು ಮುಚ್ಚಳಕ್ಕೆ ಬೇರೆ ಬೇರೆ ಬೆಲೆ ಇರುತ್ತದೆ. ಕಣ್ಣಿಗೆ ಬಿದ್ದ ಬೆಲೆ ಕೆಳಗಿನ ಗಾಜಿನದ್ದು ಮಾತ್ರ. ಎರಡನ್ನೂ ಕೂಡಿ ನೋಡಿದ ಮೇಲೆಯೇ ಅಗ್ಗವೋ ಅಲ್ಲವೋ ಗೊತ್ತಾಗುವುದು. ಈ ವ್ಯವಸ್ಥೆಯಲ್ಲಿ ಒಂದು ಅನುಕೂಲವೂ ಇದೆ: ಒಂದೇ ಅಗಲದ ಮುಚ್ಚಳ ಎರಡು ಮೂರು ಎತ್ತರದ ಪೆಟ್ಟಿಗೆಗೆ ಕೂರುತ್ತದೆ, ಮುಚ್ಚಳ ಒಡೆದರೆ ಅದೊಂದನ್ನೇ ತರಬಹುದು. ಹಾಗಾಗಿ ಚೌಕವೋ ಆಯತವೋ, ಒಂದೇ ಆಕಾರಕ್ಕೆ ಅಂಟಿಕೊಳ್ಳಿ. ಬಿದಿರಿನ ಮುಚ್ಚಳ ನೋಡಲು ಚೆಂದ, ನಮ್ಮಲ್ಲಿ ಜೂನ್ ಮುಗಿಯುವುದರೊಳಗೆ ಉಬ್ಬಿ ಬೂಸಲು ಹಿಡಿಯುತ್ತದೆ. ತಗಡಿನ ತಿರುಪು ಮುಚ್ಚಳ ಉಪ್ಪು, ಉಪ್ಪಿನಕಾಯಿಗೆ ಬೇಡ. ತಂತಿಯ ಕೊಂಡಿಯಿರುವ ಜಾಡಿಗಳೂ ಮಾವಿನ ಮಿಡಿಯ ಉಪ್ಪುನೀರಿಗೆ ತಂತಿಯಲ್ಲೇ ತುಕ್ಕು ಹಿಡಿಯುತ್ತವೆ. ಅವುಗಳಲ್ಲಿ ಬೇಳೆ, ಮೆಣಸು ಇಡಿ. ಮಿಡಿ ಉಪ್ಪಿನಕಾಯಿಗೆ ಪಿಂಗಾಣಿ ಭರಣಿಯನ್ನು ಮೀರಿಸುವ ವಸ್ತು ಅಲ್ಲಿ ಕಂಡಿಲ್ಲ.

ಗಾಳಿಯಾಡದ ಡಬ್ಬಿ ಎಂದು ಬರೆದದ್ದೆಲ್ಲ ಹಾಗಿರುವುದಿಲ್ಲ. ಮುಚ್ಚಳದ ಒಳಗೆ ಕೈಯಿಂದ ಬಿಚ್ಚಿ ತೆಗೆಯಲು ಬರುವ ಸಿಲಿಕೋನ್ ಬಳೆ ಇರಬೇಕು. ತೆಗೆಯಲು ಬಾರದಿದ್ದರೆ ಅದರಡಿಯ ಕಪ್ಪು ಬೂಸಲು ಹೋಗುವುದೇ ಇಲ್ಲ. ಮನೆಗೆ ತಂದ ಮೇಲೆ ನೀರು ತುಂಬಿಸಿ ಬೋರಲು ಹಾಕುವುದು ಮೊದಲ ಪರೀಕ್ಷೆ. ಅಷ್ಟು ಸಾಲದು, ನೀರು ಸೋರದ ಡಬ್ಬಿಯೊಳಗೂ ತೇವ ಹೋಗಬಹುದು. ಹುರಿದ ಹಪ್ಪಳದ ಚೂರು ಹಾಕಿ ಮಳೆಯ ವಾರವೊಂದು ಕಪಾಟಿನಲ್ಲಿಡಿ. ಮೆತ್ತಗಾಗದಿದ್ದರೆ ಅವಲಕ್ಕಿ, ಸಾಂತಾಣಿಯನ್ನು (ಬೇಯಿಸಿ ಒಣಗಿಸಿದ ಹಲಸಿನ ಬೀಜ) ಅದರಲ್ಲಿ ಧೈರ್ಯವಾಗಿ ಇಡಬಹುದು.

ಪ್ಲಾಸ್ಟಿಕ್ಕಿನಲ್ಲಿ ತಳದ ತ್ರಿಕೋನದೊಳಗಿನ ಅಂಕಿ ನೋಡಿ. 5 ಎಂದರೆ ಪಾಲಿಪ್ರೊಪಿಲೀನ್, ಬಿಸಿ ಅನ್ನ ತಡೆಯುತ್ತದೆ, ಅರಸಿನದ ಕಲೆ ಮಾತ್ರ ಹೋಗುವುದಿಲ್ಲ. 1 ಎಂದರೆ ಪೆಟ್, ಒಣ ಸಾಮಾನಿಗೆ ಮಾತ್ರ. ಮೆಲಮೈನ್ ತಟ್ಟೆ ಮೈಕ್ರೋವೇವಿಗೆ ಬೇಡ, ಕುದಿಯುವ ಹುಳಿ ಸಾರಿಗೂ ಬೇಡ.

ನಾನ್‌ಸ್ಟಿಕ್ ಬಾಣಲೆ ಅತಿ ಅಗ್ಗದ್ದು ಬೇಡವೇ ಬೇಡ. ಅಲ್ಯೂಮಿನಿಯಂ ತಳ ಎರಡೂವರೆ ಮಿಲಿಮೀಟರಿಗಿಂತ ತೆಳುವಾದರೆ ಕಾದಾಗ ಡೊಂಕಾಗುತ್ತದೆ. ತಳಕ್ಕೆ ಅಡಿಪಟ್ಟಿ ಅಡ್ಡ ಇಟ್ಟು ನೋಡಿ: ಮಧ್ಯದಲ್ಲಿ ಕೂದಲೆಳೆಯಷ್ಟು ಒಳಬಾಗಿದ್ದರೆ ಒಳ್ಳೆಯದು, ಕಾದಾಗ ಹಿಗ್ಗಿ ಸಮವಾಗುತ್ತದೆ. ಹೊರಕ್ಕೆ ಉಬ್ಬಿದ್ದರೆ ಒಲೆಯ ಮೇಲೆ ಬುಗುರಿಯಂತೆ ತಿರುಗುತ್ತದೆ, ಎಣ್ಣೆ ಅಂಚಿಗೆ ಓಡುತ್ತದೆ. ಲೇಪ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ತೊಡಗುತ್ತದೆ, ಖಾಲಿ ಬಾಣಲೆ ಗ್ಯಾಸಿನ ಮೇಲೆ ಅಲ್ಲಿಗೆ ಬೇಗ ತಲುಪುತ್ತದೆ. ಸಟ್ಟುಗ ಸಿಲಿಕೋನಿನದ್ದೇ ಇರಲಿ. ಚಿವುಟಿ ತಿರುಚಿದಾಗ ಮಡಿಕೆ ಬಿಳಿಚಿದರೆ ಬೇರೆ ಪುಡಿ ಬೆರೆಸಿರಬಹುದೆಂಬ ಅನುಮಾನ, ಹಾಗಾದರೆ ಬಿಡಿ. ತಲೆ ಮತ್ತು ಹಿಡಿ ಒಂದೇ ಅಚ್ಚಿನದ್ದಾದರೆ ಹಿಟ್ಟು ಸೇರುವ ಸಂದಿಯೇ ಇರುವುದಿಲ್ಲ. ದೋಸೆಹಿಟ್ಟಿನ ಪಾತ್ರೆ ಬಳಿಯಲು ಅದರಂಥದ್ದಿಲ್ಲ.

ಚಾಕು ಅಗ್ಗದ್ದೇ ಸಾಕು. ತಗಡಿನಿಂದ ಕತ್ತರಿಸಿ ಮಾಡಿದ ತೆಳು ಚಾಕು ಮೆದುವಾಗಿರುತ್ತದೆ, ಬೇಗ ಮೊಂಡಾದರೂ ಪಿಂಗಾಣಿ ಲೋಟದ ಬುಡಕ್ಕೆ ಉಜ್ಜಿ ಹರಿತ ಮಾಡಬಹುದು. ಹಲಸು ಕೊರೆಯುವ ಮುನ್ನ ಅಲಗಿಗೆ ತೆಂಗಿನೆಣ್ಣೆ ಹಚ್ಚಿದರೆ ಮೇಣ ಅಂಟದು. ಬಿದಿರಿನ ಕತ್ತರಿಸುವ ಹಲಗೆ ಕೊಂಡರೆ ತೊಳೆದು ನೆಟ್ಟಗೆ ನಿಲ್ಲಿಸಿ ಒಣಗಿಸಬೇಕು, ಮಲಗಿಸಿಟ್ಟರೆ ಅಡಿಭಾಗ ಕಪ್ಪಾಗುತ್ತದೆ.

ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡುವ ಆದೇಶ 2024ರ ಮಾರ್ಚಿನಲ್ಲಿ ಹೊರಬಂದಿದೆ. ಗುರುತಿನ ಬಳಿ ಇರುವ ಮಾನಕ ಸಂಖ್ಯೆ ಸ್ಟೀಲಿಗೆ ಐಎಸ್ 14756, ಅಲ್ಯೂಮಿನಿಯಮ್ಮಿಗೆ ಐಎಸ್ 1660. ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದರೆ ಅಸಲಿಯೋ ಎಂದು ನಿಂತಲ್ಲೇ ತಿಳಿಯುತ್ತದೆ. ರಿಯಾಯಿತಿ ಎಂದು ಕೂಗುವ ಚೀಟಿಯನ್ನು ಪೆಟ್ಟಿಗೆಯ ಮೇಲಿನ ಎಂಆರ್‌ಪಿ ಜೊತೆ ಹೋಲಿಸಿ. ಹನ್ನೆರಡು ತುಂಡಿನ ಸೆಟ್ಟಿನಲ್ಲಿ ನಿಮಗೆ ಬೇಕಾದ್ದು ಐದೇ ಆದರೆ ಬೆಲೆಯನ್ನು ಐದರಿಂದ ಭಾಗಿಸಿ. ಹೆಚ್ಚಿನ ಸೆಟ್ಟುಗಳು ಅಲ್ಲೇ ಬಿದ್ದುಹೋಗುತ್ತವೆ.

ಬೆಂಗಳೂರಿನ ನಾಗಸಂದ್ರದಲ್ಲಿ ಐಕಿಯಾ ತೆರೆದದ್ದು 2022ರ ಜೂನಿನಲ್ಲಿ. ಅದು ಇರುವುದು ತುಮಕೂರು ರಸ್ತೆಯ ಬದಿಯಲ್ಲಿ, ನಾಗಸಂದ್ರ ಮೆಟ್ರೊ ನಿಲ್ದಾಣಕ್ಕೆ ಹತ್ತಿಕೊಂಡು. ಮಂಗಳೂರಿನಿಂದ ಹಾಸನ, ನೆಲಮಂಗಲ ದಾರಿಯಾಗಿ ಬರುವ ಬಸ್ಸುಗಳು ಅದೇ ರಸ್ತೆಯಲ್ಲಿ ನಗರ ಸೇರುವುದರಿಂದ ಮೆಜೆಸ್ಟಿಕ್ಕಿನವರೆಗೆ ಹೋಗಿ ಹಿಂದೆ ಬರಬೇಕಾಗಿಲ್ಲ. ಒಳಗೆ ಬಾಣದ ಗುರುತು ಹಿಡಿದು ಹೋದರೆ ಮೊದಲು ಸಜ್ಜುಗೊಳಿಸಿದ ಕೋಣೆಗಳು, ಪಾತ್ರೆ ಪಗಡಿ ಬರುವುದು ಆಮೇಲೆ. ನಡುವಿನ ಅಡ್ಡದಾರಿ ಹಿಡಿದು ನೇರ ಅಲ್ಲಿಗೆ ಹೋಗುವುದು ಒಳ್ಳೆಯದು, ಕಾಲೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.

ಘಾಟಿ ಇಳಿದು ಬರುವ ಬಸ್ಸಿನಲ್ಲಿ ಗಾಜು ತರುವಾಗ ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಡಬಾರದು, ಕುಲುಕಾಟಕ್ಕೆ ಅಂಚು ಅಂಚಿಗೆ ತಾಗಿ ಚಕ್ಕೆ ಏಳುತ್ತದೆ. ಒಂದೊಂದನ್ನೂ ಬೈರಾಸಿನಲ್ಲಿ (ಟವೆಲಿನಲ್ಲಿ) ಸುತ್ತಿ, ನೆಟ್ಟಗೆ ನಿಲ್ಲಿಸಿ, ಮುಚ್ಚಳಗಳನ್ನು ಬೇರೆ ಕಟ್ಟಿ, ಚೀಲವನ್ನು ಡಿಕ್ಕಿಗೆ ಹಾಕದೆ ಕಾಲಬುಡದಲ್ಲೇ ಇಟ್ಟುಕೊಳ್ಳಿ. ಮನೆಯಲ್ಲಿ ಚೀಟಿಯ ಅಂಟಿಗೆ ತೆಂಗಿನೆಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ಎದ್ದು ಬರುತ್ತದೆ. ಹೊಸ ಸ್ಟೀಲನ್ನೂ ಮೊದಲು ಎಣ್ಣೆಯ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಹತ್ತುವ ಕಪ್ಪು, ಹೊಳಪು ಕೊಡಲು ಬಳಸಿದ ಪಾಲಿಶಿನದ್ದು, ಬರೀ ಸಾಬೂನಿಗೆ ಪೂರ್ತಿ ಹೋಗುವುದಿಲ್ಲ. ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿ, ಆಮೇಲೆ ಬಿಸಿನೀರು ಸಾಬೂನಿನಲ್ಲಿ ತೊಳೆದು ಒಣಗಿಸಿ ಬಳಕೆಗೆ ತೆಗೆದುಕೊಳ್ಳಬಹುದು.