ಓಟಗಾರ್ತಿಯ ಮನೆಯಲ್ಲಿ ನಾಯಿಮರಿ: ಎರಡು ನಿದ್ದೆ, ಒಂದೇ ಗಡಿಯಾರ

ವಿದೇಶದಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ ಇರುವ ಮನೆ. ಅವಳು ದೂರದ ಓಟಗಾರ್ತಿ. ಅಂಥಲ್ಲಿಗೆ ಎಂಟು ವಾರದ ನಾಯಿಮರಿ ತರಬೇಡಿ ಎಂದು ಕೋಚ್‌ನಿಂದ ಹಿಡಿದು ನೆಂಟರವರೆಗೆ ಎಲ್ಲರೂ ಹೇಳಿದ್ದರು. ಹೆಂಡತಿಯ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಸೀಸನ್ನೇ ಕೆಡುತ್ತದೆ ಎಂಬುದು ಅವರ ವಾದ. ಮರಿಗೆ ಈಗ ವರ್ಷ ದಾಟಿದೆ. ಅವಳ ತರಬೇತಿ ಡೈರಿಯಲ್ಲಿ ರಾತ್ರಿಯ ನಿದ್ದೆ ಮೊದಲಿನಷ್ಟೇ ಇದೆ, ಮಧ್ಯಾಹ್ನದ್ದು ಹೆಚ್ಚಾಗಿದೆ. ಬೇಡ ಎಂದವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ.

ಎಳೆಯ ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗಬೇಕು. ಓಟಗಾರರ ದಿನವೂ ಓಡು, ತಿನ್ನು, ಮಲಗು ಎಂಬಷ್ಟೇ. ಹಾಗಾಗಿ ಮರಿಯ ವೇಳಾಪಟ್ಟಿಗೆ ಮನೆಯವರು ಕುಣಿಯುವ ಬದಲು, ತರಬೇತಿಯ ವೇಳಾಪಟ್ಟಿಗೆ ಮರಿಯನ್ನು ಹೊಂದಿಸಿದೆ. ಎರಡು ತಿಂಗಳ ಮರಿಯನ್ನು ಒಂದು ಸಲಕ್ಕೆ 45 ನಿಮಿಷ, ಹೆಚ್ಚೆಂದರೆ ಒಂದು ಗಂಟೆ ಎಚ್ಚರ ಇಡಬಹುದು. ಆಮೇಲೆ ಅದು ಕಾಲು ಕಚ್ಚಲು ಶುರುಮಾಡುತ್ತದೆ. ಆಟ ಬೇಕೇನೋ ಎಂದು ಆಡಿಸಿದರೆ ಇನ್ನೂ ಕಚ್ಚುತ್ತದೆ, ಏಕೆಂದರೆ ಅದಕ್ಕೆ ಬೇಕಿರುವುದು ನಿದ್ದೆ.

ಮುಖ್ಯವಾದದ್ದು ಮಧ್ಯಾಹ್ನ ಒಂದರಿಂದ ಮೂರು. 12:15ಕ್ಕೆ ಊಟ, 12:30ಕ್ಕೆ ಹೊರಗೆ, ವಾಪಸ್ ಬಂದು ಹತ್ತು ನಿಮಿಷ ಕಡಿಯಲು ರಬ್ಬರ್ ಆಟಿಕೆ, 12:50ಕ್ಕೆ ಮೂರು ಕಡೆ ಬಟ್ಟೆ ಹೊದಿಸಿದ ಕ್ರೇಟ್, ಅಂದರೆ ಮರಿ ಮಲಗುವ ಪಂಜರ. ಒಂದಕ್ಕೆ ಹೆಂಡತಿಯೂ ಮಲಗುತ್ತಾಳೆ. ಆ ಆಟಿಕೆಯೊಳಗೆ ಏನು ತುಂಬಿ ಫ್ರೀಜರಿನಲ್ಲಿ ಇಡುತ್ತೇನೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಅರ್ಧ ಕೆಲಸ ಅದರದ್ದೇ.

ರಾತ್ರಿಯ ಪಾಳಿ ಪೂರ್ತಿ ನನ್ನದು. ಕ್ರೇಟ್ ನನ್ನ ಹಾಸಿಗೆಯ ಪಕ್ಕ, ಹೆಂಡತಿ ಬೇರೆ ಕೋಣೆಯಲ್ಲಿ. ಕೊನೆಯ ಊಟ 6:30ಕ್ಕೆ, ಕೊನೆಯ ಸಲ ಹೊರಗೆ 10:30ಕ್ಕೆ. ಮೊದಮೊದಲು 1:30ಕ್ಕೂ 4:30ಕ್ಕೂ ಅಲಾರಂ. ಮರಿ ಅಳುವ ಮುಂಚೆಯೇ ಎತ್ತಬೇಕು, ಅತ್ತ ಮೇಲೆ ಎತ್ತಿದರೆ ಅತ್ತರೆ ಬಾಗಿಲು ತೆರೆಯುತ್ತದೆಂದು ಕಲಿಯುತ್ತದೆ. ಮಂದ ಬೆಳಕು, ಮಾತಿಲ್ಲ, ಆಟವಿಲ್ಲ, ಉಚ್ಚೆ ಆದ ಕೂಡಲೇ ಒಂದು ಚೂರು ತಿಂಡಿ, ವಾಪಸ್. ಆರೇಳು ನಿಮಿಷದ ಕೆಲಸ. ಮೂರು ನಾಲ್ಕು ರಾತ್ರಿ ಕ್ರೇಟ್ ಒಣಗಿದ್ದರೆ ಅಲಾರಂ ಅನ್ನು ಕಾಲು ಗಂಟೆ ಮುಂದೆ ತಳ್ಳುವುದು. ನಾಲ್ಕು ತಿಂಗಳ ಹೊತ್ತಿಗೆ ರಾತ್ರಿಯಿಡೀ ಮಲಗತೊಡಗಿತು.

ದಂಡವಾದ ದುಡ್ಡಿನಲ್ಲಿ ಮೊದಲನೆಯದು ಪೀ ಪ್ಯಾಡ್, ಮನೆಯೊಳಗೆ ಉಚ್ಚೆ ಹೀರಲು ಹಾಸುವ ಮೆತ್ತನೆಯ ಹಾಳೆ. ಮೆತ್ತಗಿರುವುದರ ಮೇಲೆ ಉಚ್ಚೆ ಮಾಡಬಹುದು ಎಂಬ ಪಾಠವನ್ನು ಅದು ಮರಿಗೆ ಕಲಿಸುತ್ತದೆ, ಮುಂದಿನ ಸರದಿ ಸ್ಟ್ರೆಚಿಂಗ್ ಮ್ಯಾಟಿನದು. ಅಮೋನಿಯಾ ಇರುವ ಕ್ಲೀನರ್ ಉಚ್ಚೆಯಂತೆಯೇ ನಾರುವುದರಿಂದ ಮರಿ ಅದೇ ಜಾಗಕ್ಕೆ ಬರುತ್ತದೆ. ಕಿಣ್ವ ಇರುವ ಕ್ಲೀನರ್ ಹಾಕಿ 10-15 ನಿಮಿಷ ಬಿಟ್ಟು ಒತ್ತಿ ತೆಗೆಯಬೇಕು, ತಿಕ್ಕಬಾರದು. ಕ್ರೇಟ್ ಅನ್ನು ದೊಡ್ಡ ನಾಯಿಯ ಅಳತೆಗೆ ಒಂದೇ ಸಲ ಕೊಂಡು ನಡುವೆ ತಡೆ ಹಾಕಿ. ತಡೆ ಇಲ್ಲದಿದ್ದರೆ ಒಂದು ಮೂಲೆ ಶೌಚಾಲಯ, ಇನ್ನೊಂದು ಹಾಸಿಗೆ.

ಖರ್ಚನ್ನು ಅಂದಾಜಿಗೆ ಹೇಳುವುದಾದರೆ, ಮೊದಲ ವರ್ಷ ಆಹಾರಕ್ಕೆ ಕಾಲು ಭಾಗವೂ ಹೋಗಲಿಲ್ಲ. ಪಶುವೈದ್ಯರು ಮತ್ತು ವಿಮೆ ಸೇರಿ ಮೂರನೇ ಒಂದು ಭಾಗ. ಶಿಬಿರ, ಸ್ಪರ್ಧೆ ಎಂದು ನಾವಿಬ್ಬರೂ ಹೊರಟಾಗ ನೋಡಿಕೊಂಡವರಿಗೆ ಕೊಟ್ಟದ್ದೇ ಹೆಚ್ಚು. ವಿಮೆಯನ್ನು ಮೊದಲ ವಾರವೇ ಮಾಡಿಸಿ, ದಾಖಲೆಗೆ ಬಂದ ಕಾಯಿಲೆಗೆ ಆಮೇಲೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ಕ್ರೀಡಾಪಟುವಿನ ಬ್ಯಾಗು ಮರಿಗೆ ವಿಷದ ಡಬ್ಬಿ. ಸಕ್ಕರೆ ಇಲ್ಲದ ಚೂಯಿಂಗ್ ಗಮ್, ಕೆಲವು ಪ್ರೋಟೀನ್ ಬಾರ್‌ಗಳಲ್ಲಿ ಸಕ್ಕರೆಯ ಬದಲು ಹಾಕುವ ಜೈಲಿಟಾಲ್ ಇರುತ್ತದೆ, ಲೇಬಲ್ಲಿನಲ್ಲಿ ಇ967 ಎಂದೂ ಬರೆದಿರಬಹುದು. ಮರಿಯ ತೂಕದ ಕಿಲೋಗೆ ಸುಮಾರು 0.1 ಗ್ರಾಂ ಸಾಕು, ರಕ್ತದ ಸಕ್ಕರೆ ಅರ್ಧ ಗಂಟೆಯಲ್ಲೇ ಕುಸಿಯಬಹುದು. ಐದು ಕಿಲೋ ಮರಿಗೆ ಅದು ಅರ್ಧ ಗ್ರಾಂ, ಒಂದೆರಡು ಗಮ್‌ನಲ್ಲೇ ಅಷ್ಟಿರಬಹುದು. ಓಡುವಾಗ ಹೀರುವ ಕೆಫೀನ್ ಜೆಲ್‌ನ ಖಾಲಿ ಪೊಟ್ಟಣವನ್ನೂ ಮುಚ್ಚಳದ ಡಬ್ಬಿಗೇ ಹಾಕಬೇಕು. ಮೀನಖಂಡಕ್ಕೆ ನೋವಿನ ಡೈಕ್ಲೋಫೆನಾಕ್ ಜೆಲ್ ಹಚ್ಚಿದರೆ ಮೇಲೆ ಉದ್ದ ಕಾಲುಚೀಲ. ಅದನ್ನು ನೆಕ್ಕಿದ ನಾಯಿಗೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ವ್ಯಾಯಾಮದ ರಬ್ಬರ್ ಬ್ಯಾಂಡ್‌ನ ತುಂಡು ನುಂಗಿದರೆ ಕರುಳು ಕಟ್ಟಿ ಶಸ್ತ್ರಚಿಕಿತ್ಸೆಯೇ ಬೇಕಾದೀತು.

ಅಪಾಯ ತಿರುಗಿಯೂ ಬರುತ್ತದೆ, ನಾಯಿಯಿಂದ ಕ್ರೀಡಾಪಟುವಿಗೆ. ಸೈಕ್ಲಿಸ್ಟ್ ಕಟೆರಿನಾ ನ್ಯಾಶ್ ಅವರ ಡೋಪಿಂಗ್ ಪರೀಕ್ಷೆಯ ಮಾದರಿಯಲ್ಲಿ ನಿಷೇಧಿತ ಕ್ಯಾಪ್ರೊಮೊರೆಲಿನ್ ಸಿಕ್ಕಿತ್ತು. ಅದು ಅವರ ನಾಯಿಗೆ ಕೊಡುತ್ತಿದ್ದ ಹಸಿವಿನ ಔಷಧದಿಂದ ಬಂದದ್ದು ಎಂದು ತಿಳಿದು 2023ರಲ್ಲಿ ಅವರು ನಿಷೇಧದಿಂದ ಪಾರಾದರು. ಹೃದಯದ ತೊಂದರೆಯ ನಾಯಿಗಳಿಗೆ ಕೊಡುವ ಫ್ಯುರೊಸೆಮೈಡ್ ಕೂಡ ಕ್ರೀಡಾಪಟುಗಳ ನಿಷೇಧಿತ ಪಟ್ಟಿಯಲ್ಲಿದೆ. ಹಾಗಾಗಿ ಔಷಧ ಯಾವುದೇ ಇರಲಿ, ಮರಿಗೆ ಕೊಡುವವನು ನಾನೇ, ಕೈಗವಸು ಹಾಕಿಕೊಂಡು. ಔಷಧದ ಹೆಸರು, ತಾರೀಖು ಡೈರಿಗೆ. ಮರಿಯ ಬಟ್ಟಲು ಅಡುಗೆಮನೆಯ ಸಿಂಕಿಗೆ ಬರುವುದಿಲ್ಲ.

ಡೋಪಿಂಗ್ ಪರೀಕ್ಷೆಯವರು ಮುಂಜಾನೆ ಹೇಳದೆ ಬರುತ್ತಾರೆ. 12 ತಿಂಗಳಲ್ಲಿ ಮೂರು ಸಲ ಅವರಿಗೆ ಸಿಗದೆ ಹೋದರೆ ಅದೇ ನಿಯಮದ ಉಲ್ಲಂಘನೆ. ಆದ್ದರಿಂದ ಬಾಗಿಲ ಗಂಟೆ ಕೇಳಿಸಲೇಬೇಕು, ಅದನ್ನು ಬಂದ್ ಮಾಡುವ ಹಾಗಿಲ್ಲ. ಗಂಟೆಯ ಸದ್ದಿಗೆ ಕ್ರೇಟಿಗೆ ಓಡುವಂತೆ ಮರಿಗೆ ಕಲಿಸಿದೆ: ಫೋನಿನಲ್ಲಿ ಗಂಟೆ, ಕ್ರೇಟಿನೊಳಗೆ ತಿಂಡಿ, ದಿನಕ್ಕೆ ಹತ್ತು ಸಲ. ಆಮೇಲೆ ನಿಜವಾದ ಗಂಟೆ, ಬಾಗಿಲಲ್ಲಿ ಅಪರಿಚಿತರು. ಮಾದರಿ ಕೊಡುವವರೆಗೆ ಪರೀಕ್ಷಕರ ಕಣ್ಣಳತೆ ಬಿಟ್ಟು ಅವಳು ಹೋಗುವಂತಿಲ್ಲ, ಮರಿಯನ್ನು ಹೊರಗೆ ಕರೆದೊಯ್ಯಲು ಇನ್ನೊಬ್ಬರು ಇರಲೇಬೇಕು.

ಓಟ ಶುರುಮಾಡಲು ಹಾರಿಸುವ ಸ್ಟಾರ್ಟಿಂಗ್ ಗನ್ನಿನ ಪ್ರಯೋಗವನ್ನು ನಾನು ಕುತೂಹಲಕ್ಕೆ ಮಾಡಿದ್ದು. ಮೂರರಿಂದ ಹದಿನಾಲ್ಕು ವಾರದೊಳಗೆ ಮರಿಯ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪುತ್ತದೆ. ಗನ್ನಿನ ಸದ್ದಿನ ಧ್ವನಿಮುದ್ರಣವನ್ನು ಊಟದ ಹೊತ್ತಿಗೆ ಕೇಳಿಯೂ ಕೇಳದಂತೆ ಹಾಕಿ, ನಾಲ್ಕೈದು ದಿನಕ್ಕೊಮ್ಮೆ ಸದ್ದನ್ನು ಒಂದು ಮೆಟ್ಟಿಲು ಏರಿಸಿದೆ. ತಿನ್ನುವುದು ನಿಲ್ಲಿಸಿದರೆ ಎರಡು ಮೆಟ್ಟಿಲು ಕೆಳಗೆ. ಲಸಿಕೆ ಮುಗಿಯುವವರೆಗೆ ಚೀಲದಲ್ಲೇ ಹೊತ್ತು ಮೈದಾನದ ಅಂಚಿನಲ್ಲಿ ಇಪ್ಪತ್ತು ನಿಮಿಷ. ಈಗ ಗನ್ ಹಾರಿದರೂ ಆಕಳಿಸುತ್ತಾ ಮಲಗಿರುತ್ತದೆ.

ಗಡಿ ದಾಟುವವರು ತಾರೀಖು ಹಿಂದಿನಿಂದ ಎಣಿಸಿ. ಯುರೋಪಿಯನ್ ಒಕ್ಕೂಟದೊಳಗೆ ಮೊದಲು ಚರ್ಮದಡಿ ಗುರುತಿನ ಚಿಪ್, ಆಮೇಲೆ 12 ವಾರ ತುಂಬಿದ ಮೇಲೆ ರೇಬೀಸ್ ಲಸಿಕೆ, ಅದಾದ ಮೇಲೆ 21 ದಿನ. ಅಂದರೆ ಸಾಮಾನ್ಯವಾಗಿ 15 ವಾರದ ಒಳಗೆ ಮರಿಗೆ ಪ್ರಯಾಣವಿಲ್ಲ. ಚಿಪ್‌ಗೆ ಮುಂಚೆ ಹಾಕಿದ ಲಸಿಕೆ ಲೆಕ್ಕಕ್ಕಿಲ್ಲ.

ಜೊತೆಗೆ ಓಡಿಸುವುದು ಯಾವಾಗ ಎಂಬ ಪ್ರಶ್ನೆಗೆ ಅವಸರ ಬೇಡ. ಎಲುಬಿನ ಬೆಳವಣಿಗೆಯ ತುದಿ ಮುಚ್ಚಿ ಗಟ್ಟಿಯಾಗಲು ದೊಡ್ಡ ತಳಿಗಳಿಗೆ 12ರಿಂದ 18 ತಿಂಗಳು ಬೇಕು, ದೈತ್ಯ ತಳಿಗಳಿಗೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಹಗ್ಗ ಸಡಿಲ ಬಿಟ್ಟು ಅದು ಮೂಸಿದಷ್ಟು ನಡಿಗೆ. ನಮ್ಮದಕ್ಕೆ ಎಕ್ಸ್‌ರೇ ನೋಡಿ ವೈದ್ಯರು ಒಪ್ಪಿದ ಮೇಲೆ ಮಣ್ಣಿನ ದಾರಿಯಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಶುರುವಾಗಿದೆ, ಭುಜದ ಚಲನೆಗೆ ಅಡ್ಡಬಾರದ ವೈ ಆಕಾರದ ಎದೆಪಟ್ಟಿ (ಹಾರ್ನೆಸ್) ಹಾಕಿ. ಹೆಂಡತಿಯ ಚೇತರಿಕೆಯ ಓಟದ ಕೊನೆಯ ಎರಡು ಕಿಲೋಮೀಟರ್ ಮಾತ್ರ ಅದರ ಪಾಲು.