ಚೀಲ ಕಾಯುವವರ ಲೆಕ್ಕ: ಕುಟುಂಬ ಪಾರ್ಕು ನಡೆಸಿದ ನನ್ನ ಅನುಭವ

ಉಡುಪಿ ಜಿಲ್ಲೆಯ ಹಿರಿಯಡ್ಕದ ಸಮೀಪ, ನಮ್ಮ ಮನೆತನದ ಮೂರು ಎಕರೆ ಜಾಗದಲ್ಲಿ, 2018ರ ಡಿಸೆಂಬರಿನಲ್ಲಿ ನಾನು ನೀರಾಟದ ಸಣ್ಣದೊಂದು ಕುಟುಂಬ ಪಾರ್ಕು ತೆರೆದೆ. ಮೊದಲ ಮೂರು ವರ್ಷಗಳಲ್ಲಿ ಅದನ್ನು ಮುಚ್ಚಿ ಅಡಿಕೆ ಸಸಿ ನೆಡು ಎಂದು ಹೇಳದ ಬಂಧುಗಳಿರಲಿಲ್ಲ. ಕಳೆದ ಆಟಿ ತಿಂಗಳಿನಲ್ಲಿ (ತುಳುನಾಡಿನ ಮಳೆಗಾಲದ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ನಾಲ್ಕು ಭಾನುವಾರವೂ ಜನ ತುಂಬಿ, ಬೆಳಿಗ್ಗೆ ಹನ್ನೊಂದೂವರೆಗೇ ಟಿಕೆಟು ಕೊಡುವುದನ್ನು ನಿಲ್ಲಿಸಬೇಕಾಯಿತು. ನಡುವೆ ಏನಾಯಿತೆಂದು ಇದೇ ಕಸುಬಿನ ಕೆಲವು ಮಿತ್ರರು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ಫಿಲ್ಟರು, ಕ್ಲೋರಿನ್, ಲೈಫ್‌ಗಾರ್ಡುಗಳ ವಿಷಯ ನಿಮಗೆ ಗೊತ್ತಿರುವುದೇ ಆದ್ದರಿಂದ ಅದನ್ನು ಬಿಡುತ್ತೇನೆ. ಅಂಕಿಗಳನ್ನು ನೆನಪಿನಿಂದ ಬರೆದಿದ್ದೇನೆ, ಸ್ವಲ್ಪ ಆಚೀಚೆ ಇರಬಹುದು.

ಒಟ್ಟು ಸುಮಾರು 38 ಲಕ್ಷ ಹಾಕಿದ್ದೆ. ಅದರಲ್ಲಿ 22 ಲಕ್ಷ ಸಾಲ. ಫೈಬರ್ ಜಾರುಬಂಡೆಗಳಿಗೇ 14 ಲಕ್ಷ ಹೋಯಿತು. ಅದರ ಮೇಲೆ, ಒಬ್ಬ ವ್ಯಾಪಾರಿಯ ಮಾತು ಕೇಳಿ, ನಾಲ್ಕೂವರೆ ಲಕ್ಷಕ್ಕೆ ಹಳೆಯ ಕೊಲಂಬಸ್ ದೋಣಿಯೊಂದನ್ನು ತಂದೆ. ನಮ್ಮ ಮಳೆಗಾಲದ ತೇವಕ್ಕೆ ಅದರ ಬೇರಿಂಗು ಎರಡು ವರ್ಷವೂ ತಡೆಯಲಿಲ್ಲ. ಚಿಕ್ಕ ಮಕ್ಕಳನ್ನು ಹತ್ತಿಸುವಂತಿರಲಿಲ್ಲ, ಹಿರಿಯರು ಹತ್ತುತ್ತಿರಲಿಲ್ಲ. ಹತ್ತಿದ ಕಾಲೇಜು ಹುಡುಗರು ಒಮ್ಮೆ ತೂಗಿಸಿಕೊಂಡು ಮನೆಗೆ ಹೋಗುತ್ತಿದ್ದರು. ಕೊನೆಗೆ ಗುಜರಿಗೆ ತೂಕದ ಲೆಕ್ಕದಲ್ಲಿ ಕೊಟ್ಟಾಗ ಕೈಗೆ ಬಂದದ್ದು 70 ಸಾವಿರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ಹಾಕುತ್ತಿದ್ದೆನಾದರೂ ಬಡ್ಡಿಗೆ ಮಳೆಗಾಲದ ರಜೆಯಿರಲಿಲ್ಲ.

ನನಗೆ ದಾರಿ ಕಂಡದ್ದು ಬಿಡದಿಯ ವಂಡರ್‌ಲಾದಲ್ಲಿ. 2005ರಲ್ಲಿ ತೆರೆದ ಆ ಪಾರ್ಕಿಗೆ ನಮ್ಮ ಮಕ್ಕಳ ಒತ್ತಾಯಕ್ಕೆ ಮೊದಲೇ ಎರಡು ಸಲ ಹೋಗಿದ್ದೆ. ಮೂರನೆಯ ಸಲ ಯಾವ ರೈಡಿಗೂ ಹತ್ತದೆ ಇಡೀ ದಿನ ಪುಸ್ತಕ ಹಿಡಿದು ಕುಳಿತೆ. ಅಷ್ಟು ದೊಡ್ಡ ಪಾರ್ಕಿನಲ್ಲಿ ಅಜ್ಜಿ, ಸೊಸೆ, ಮೊಮ್ಮಗು ಮೂವರೂ ಒಟ್ಟಿಗೆ ನಗುತ್ತಿದ್ದುದನ್ನು ನಾನು ಅತಿ ಹೆಚ್ಚು ಕಂಡದ್ದು ಅಲೆಯ ಕೊಳದಲ್ಲಿ. ಕಾರಣ ಯಂತ್ರದಲ್ಲಿರುವುದಕ್ಕಿಂತ ಹೆಚ್ಚಾಗಿ ನೆಲದಲ್ಲಿದೆ. ಆ ಕೊಳದ ನೆಲ ಕಡಲ ತೀರದಂತೆ ಇಳಿಜಾರು. ಮಗು ಪಾದ ಮುಳುಗುವಲ್ಲಿ, ತಾಯಿ ಮಂಡಿ ಮುಳುಗುವಲ್ಲಿ, ತಂದೆ ಎದೆಮಟ್ಟದಲ್ಲಿ ನಿಂತು ಒಂದೇ ಅಲೆಯನ್ನು ಕಾಯುತ್ತಾರೆ. ಉಳಿದ ಬಹಳಷ್ಟು ರೈಡುಗಳು ಕುಟುಂಬವನ್ನು ಎತ್ತರದ ಲೆಕ್ಕದಲ್ಲಿ, ಧೈರ್ಯದ ಲೆಕ್ಕದಲ್ಲಿ ಬೇರ್ಪಡಿಸುತ್ತವೆ. ರೋಮಾಂಚನಕ್ಕೆ ಅದು ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ನನ್ನಂಥ ಮೂರು ಎಕರೆಯವನು ರೋಮಾಂಚನದಲ್ಲಿ ಅವರೊಡನೆ ಸ್ಪರ್ಧಿಸುವಂತಿಲ್ಲ. ವಾಲ್ಟ್ ಡಿಸ್ನಿಯವರಿಗೂ ಇದೇ ಯೋಚನೆ ಬಂದಿತ್ತಂತೆ. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಹೆಣ್ಣುಮಕ್ಕಳಿಬ್ಬರೂ ತಿರುಗುವ ಕುದುರೆಯ ಮೇಲಿರುವಾಗ ತಾನು ಬೆಂಚಿನ ಮೇಲೆ ಸುಮ್ಮನೆ ಕುಳಿತಿರಬೇಕಾಗಿತ್ತು, ತಂದೆತಾಯಿ ಮಕ್ಕಳು ಒಟ್ಟಿಗೆ ಆಡುವ ಜಾಗ ಬೇಕೆಂದು ಅಲ್ಲಿ ಅನಿಸಿತು ಎಂದು ಅವರೇ ಹೇಳಿಕೊಂಡಿದ್ದಾರೆ. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದ ಮನುಷ್ಯನ ತೊಂದರೆ ಮತ್ತು ನನ್ನ ತೊಂದರೆ ಒಂದೇ ಬೆಂಚಿನದ್ದು ಎಂದು ತಿಳಿದಾಗ ನನಗೆ ಬಹಳ ಧೈರ್ಯ ಬಂತು.

ಊರಿಗೆ ಮರಳಿ ಒಂದು ಲೆಕ್ಕ ಶುರು ಮಾಡಿದೆ. ಪ್ರತಿ ಗಂಟೆಗೊಮ್ಮೆ ಪಾರ್ಕಿನಲ್ಲಿ ಒಂದು ಸುತ್ತು ಹಾಕಿ, ಬೆಂಚಿನ ಮೇಲೆ ಚೀಲ, ಚಪ್ಪಲಿ, ಟವೆಲು ಕಾಯುತ್ತ ಕುಳಿತವರೆಷ್ಟು ಮಂದಿ ಎಂದು ಎಣಿಸುವುದು. ನಲವತ್ತು ಮಂದಿ ಒಳಗಿದ್ದರೆ ಅವರಲ್ಲಿ ಹದಿಮೂರು ಹದಿನಾಲ್ಕು ಮಂದಿ ಚೀಲ ಕಾಯುವವರೇ. ಹೆಚ್ಚಿನವರು ಅಜ್ಜ ಅಜ್ಜಿಯರು, ಬಾಣಂತಿಯರು. ಮನೆಗೆ ಹೊರಡುವ ಮಾತನ್ನು ಮೊದಲು ಎತ್ತುವವರೂ ಇವರೇ. ಇವರಿಗೆ ಬೇಸರ ಬಂದ ಗಳಿಗೆಗೆ ಇಡೀ ಕುಟುಂಬದ ದಿನ ಮುಗಿಯುತ್ತದೆ, ನನ್ನ ಕ್ಯಾಂಟೀನಿನ ಮಧ್ಯಾಹ್ನದ ವ್ಯಾಪಾರವೂ ಮುಗಿಯುತ್ತದೆ. ಲಾಕರ್ ಇಟ್ಟು ನೋಡಿದೆ. ಚೀಲ ಲಾಕರಿಗೆ ಹೋಯಿತು, ಅಜ್ಜಿ ಬೆಂಚಿನಲ್ಲೇ ಉಳಿದರು.

ಹಾಗಾಗಿ ಹಿರಿಯರ ಕೈ ತಾಗದೆ ನಡೆಯದ ಒಂದು ಆಟ ಬೇಕು ಎಂದು ತೀರ್ಮಾನಿಸಿದೆ. ನಮ್ಮ ಬೈಲಿನ ಅಂಚಿನಲ್ಲಿ, ನಾನು ಹುಡುಗನಾಗಿದ್ದಾಗ, ತೋಟಕ್ಕೆ ನೀರು ಹಾಯಿಸುತ್ತಿದ್ದ ಏತವೊಂದಿತ್ತು: ಉದ್ದದ ತೊಲೆ, ಅದರ ಮುಂದಿನ ತುದಿಯ ಹಗ್ಗಕ್ಕೆ ಬಕೆಟು, ಹಿಂದಿನ ತುದಿಗೆ ಕಲ್ಲಿನ ಭಾರ. ಅದನ್ನೇ ಮತ್ತೆ ನಿಲ್ಲಿಸಿದರೆ ಹೇಗೆ? ಅಜ್ಜ ಹಗ್ಗ ಎಳೆದು ಬಕೆಟು ಇಳಿಸಬೇಕು, ಹಿಂದಿನ ಕಲ್ಲಿನ ಭಾರಕ್ಕೆ ನೀರು ಮೇಲೇಳಬೇಕು, ಅದು ಬೈನೆ ಮರದ ದಂಬೆಯಲ್ಲಿ (ಕೊರೆದ ಮರದ ಕಾಲುವೆ) ಹರಿದು ಕೆಳಗಿನ ಸಣ್ಣ ಜಾರುಬಂಡೆಯಲ್ಲಿ ಕುಳಿತ ಮೊಮ್ಮಕ್ಕಳ ತಲೆಯ ಮೇಲೆ ಬೀಳಬೇಕು. ನಮ್ಮ ಭಾವ ಇದನ್ನು ಕೇಳಿ, "ದುಡ್ಡು ಕೊಟ್ಟು ಒಳಗೆ ಬಂದವರ ಕೈಯಲ್ಲಿ ನೀರು ಎಳೆಸುತ್ತೀಯಾ? ಅವರು ದುಡ್ಡು ವಾಪಸು ಕೇಳುತ್ತಾರೆ" ಎಂದರು. ಸಾಲ ಕೊಟ್ಟವರಿಗೆ ತಿಳಿಸಿದಾಗ ಅವರು ಮಾತು ಬೆಳೆಸದೆ ಮುಂದಿನ ಕಂತಿನ ದಿನ ಕೇಳಿದರು.

ಮೊದಲ ಏತ ಸೋತಿತು. ಬಿದಿರಿನ ತೊಲೆ ಒಂದೇ ಮಳೆಗಾಲಕ್ಕೆ ಸೀಳಿತು. ಎರಡನೆಯದಕ್ಕೆ ಜಿಐ ಪೈಪು ಹಾಕಿಸಿದೆ. ಅದು ಬಾಳಿಕೆ ಬಂತು, ಆದರೆ ಮಾರ್ಚ್ ತಿಂಗಳ ಬಿಸಿಲಿಗೆ ಕಾದು, ಕೀರಲು ಶಬ್ದ ಮಾಡಿ, ಹಳೆಯ ಏತ ಕಂಡಿದ್ದ ಯಾರೂ ಅದರ ಹತ್ತಿರ ಸುಳಿಯಲಿಲ್ಲ. ಇನ್ನೊಂದು ತಪ್ಪು ಅಪಾಯದ್ದು. ಕಲ್ಲಿನ ಭಾರ ಹೆಚ್ಚಾಗಿ, ಕೈತಪ್ಪಿದ ಹಗ್ಗ ಸರ್ರನೆ ಮೇಲೆದ್ದು, ಹಿಂದಿನ ತುದಿ ನಮ್ಮ ಕೆಲಸದವನ ಭುಜಕ್ಕೆ ಬಡಿಯಿತು. ಆತ ಒಂದು ವಾರ ಮನೆಯಲ್ಲಿದ್ದ, ಖರ್ಚು ಕೂಲಿ ಎರಡನ್ನೂ ಕೊಟ್ಟೆ, ಒಂದು ತಿಂಗಳು ಏತಕ್ಕೆ ಯಾರನ್ನೂ ಬಿಡಲಿಲ್ಲ. ಈಗ ಹಿಂದಿನ ತುದಿಯ ಓಟಕ್ಕೆ ಸರಪಳಿಯ ತಡೆಯಿದೆ, ಸುತ್ತ ಎದೆಮಟ್ಟದ ಬೇಲಿಯಿದೆ, ಕೆಳಗಿನ ತೊಟ್ಟಿಯ ಬಾಯಿಗೆ ಬಕೆಟು ಹೋಗುವಷ್ಟೇ ಜಾಗ ಬಿಟ್ಟು ಸ್ಟೀಲ್ ಜಾಲರಿಯಿದೆ. ಬಕೆಟು ಹತ್ತು ಲೀಟರಿನದು. ಆರು ವರ್ಷದ ಮಗುವಿಗೂ ಎಪ್ಪತ್ತು ದಾಟಿದವರಿಗೂ ಹಗುರವಾಗುವಂತೆ ಕಲ್ಲಿನ ತೂಕವನ್ನು ಹೊಂದಿಸಿದ ಬಗೆ ನನಗೆ ಎಂಟು ತಿಂಗಳ ಶ್ರಮ. ಅದನ್ನು ಇಲ್ಲಿ ಬರೆಯುವುದಿಲ್ಲ, ನೋಡಲು ಬಂದವರಿಗೆ ತೋರಿಸುತ್ತೇನೆ. ಗೆದ್ದ ಏತಕ್ಕೆ ಒಟ್ಟು ತಗುಲಿದ ಖರ್ಚು 40 ಸಾವಿರದ ಒಳಗೆ.

ಅದು ಗೆದ್ದಿತೆಂದು ನನಗೆ ತಿಳಿದ ದಿನ ನೆನಪಿದೆ. ಮುಂಬಯಿಯಿಂದ ರಜೆಗೆ ಬಂದ ಕುಟುಂಬ. ಅಜ್ಜಿ ಎಂದಿನಂತೆ ಚೀಲ ತೊಡೆಯ ಮೇಲಿಟ್ಟು ಕುಳಿತಿದ್ದರು. ಮಗ ಎರಡು ಸಲ ಹಗ್ಗ ಎಳೆದ, ಬಕೆಟು ಅರ್ಧವೂ ತುಂಬಲಿಲ್ಲ. ಅಜ್ಜಿ ಎದ್ದು ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ನೀನು ಆಚೆ ಸರಿ" ಎಂದು ಹೇಳಿ, ಎಡಗೈಯಿಂದ ಹಗ್ಗವನ್ನು ಸ್ವಲ್ಪ ಓರೆ ಮಾಡಿದರು. ಬಕೆಟು ನೀರಿನಲ್ಲಿ ಮಗುಚಿ ಪೂರ್ತಿ ತುಂಬಿತು. ಕೆಳಗಿದ್ದ ಮೊಮ್ಮಗುವಿನ ಮೇಲೆ ನೀರು ಸುರಿದಾಗ ಆ ಮಗು ಕೂಗಿದ್ದು, "ಅಜ್ಜಿ, ಇನ್ನೊಂದ್ಸಲ!" ಮಗ ಮೊಬೈಲನ್ನು ಕಿಸೆಗೆ ಹಾಕಿ, ತಾಯಿಯಿಂದ ಎಳೆಯುವುದನ್ನು ಕಲಿಯತೊಡಗಿದ. ಮುಕ್ಕಾಲು ಗಂಟೆ ಅವರು ಅಲ್ಲಿಂದ ಕದಲಲಿಲ್ಲ. ಚೀಲ ಬೆಂಚಿನ ಮೇಲೆ ಒಂಟಿಯಾಗಿ ಬಿದ್ದಿತ್ತು. ಅದನ್ನು ನಾನೇ ಕಾದೆ.

ನಡುವೆ ಚೆನ್ನೆಮಣೆಯ ಪ್ರಯೋಗವನ್ನೂ ಮಾಡಿದೆ. ಚಪ್ಪರದಡಿ ಹತ್ತು ಮಣೆ ಇಟ್ಟೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಸಂಜೆಗೆ ಎಣಿಸಿದರೆ ಯಾವ ಮಣೆಯಲ್ಲೂ ಐವತ್ತಾರು ಇರುತ್ತಿರಲಿಲ್ಲ. ಮಂಜೊಟ್ಟಿ ಕಾಯಿಗಳನ್ನು ಚಿಕ್ಕ ಮಕ್ಕಳು ಬಾಯಿಗೆ ಹಾಕುವ ಭಯದಿಂದ ಈಗ ಅದನ್ನು ಮಧ್ಯಾಹ್ನ ಊಟದ ನಂತರ, ದೊಡ್ಡವರು ಕೇಳಿದರೆ ಮಾತ್ರ ಕೊಡುತ್ತೇವೆ.

ಹಣದ ದೃಷ್ಟಿಯಿಂದ ದೊಡ್ಡ ತಿರುವು ಮಳೆಗಾಲದ್ದು. 2022ರಲ್ಲಿ ಇಪ್ಪತ್ತೈದು ಸೆಂಟ್ಸಿನ ಒಂದು ಗದ್ದೆಗೆ ನೇಜಿ (ಭತ್ತದ ಸಸಿ) ನೆಡದೆ, ಕೆಸರಿನ ಆಟಕ್ಕೆಂದೇ ಉಳಿಸಿದೆ. ಸಂಘಸಂಸ್ಥೆಗಳು ವರ್ಷಕ್ಕೊಂದು ದಿನ ನಡೆಸುವ ಕೆಸರುಗದ್ದೆ ಕ್ರೀಡಾಕೂಟ ನಮ್ಮಲ್ಲಿ ಹೊಸದಲ್ಲ. ನಾನು ಮಾಡಿದ್ದು ಅದನ್ನು ಸ್ಪರ್ಧೆಯಿಲ್ಲದೆ, ಬಹುಮಾನವಿಲ್ಲದೆ, ಮನೆಮಂದಿಗಾಗಿ ಪ್ರತಿ ಭಾನುವಾರ ತೆರೆದಿಟ್ಟದ್ದು. ಆಟಿಯಲ್ಲಿ ಮದುವೆ ಮುಂಜಿಗಳಿಲ್ಲ, ಮದುಮಗಳು ತವರಿನಲ್ಲಿರುತ್ತಾಳೆ, ಅವಳನ್ನು ನೋಡಲು ನೆಂಟರು ಬಂದಿರುತ್ತಾರೆ, ಭಾನುವಾರ ಖಾಲಿ. ಇದು ನಮ್ಮ ಕಣ್ಣೆದುರಿಗೇ ಇದ್ದ ಲೆಕ್ಕ. ಕೆಸರುನೀರಿನಿಂದ ಗಾಯದ ಮೂಲಕ ತಗಲುವ ಇಲಿಜ್ವರದ ಭಯ ನಮ್ಮ ಜಿಲ್ಲೆಯಲ್ಲಿ ನಿಜವಾದದ್ದು. ಆದ್ದರಿಂದ ಕೈಕಾಲಿನಲ್ಲಿ ಗಾಯವಿದ್ದವರನ್ನು ಎಷ್ಟೇ ಬೇಡಿಕೊಂಡರೂ ಗದ್ದೆಗೆ ಇಳಿಸುವುದಿಲ್ಲ. ಅವರಿಗೆ ಟಿಕೆಟಿನ ಅರ್ಧ ಹಣ ಹಿಂದಿರುಗಿಸುತ್ತೇನೆ. ಕೆಸರಿನಿಂದ ಬಂದವರಿಗೆ ಹಂಡೆಯ ಬಿಸಿನೀರು, ಆಮೇಲೆ ಕುಚ್ಚಲಕ್ಕಿ ಗಂಜಿ, ಚಟ್ನಿ, ಪತ್ರೊಡೆ. ಸೌದೆಗೆ ನಮ್ಮದೇ ತೋಟದ ಮಡಲು (ತೆಂಗಿನ ಗರಿ) ಸಾಲುತ್ತದೆ.

ಟಿಕೆಟು ಈಗ 350 ರೂಪಾಯಿ. ಮೊಮ್ಮಕ್ಕಳೊಡನೆ ಬಂದ ಅರುವತ್ತು ದಾಟಿದವರಿಗೆ ಉಚಿತ. ಭಾವ ಇದಕ್ಕೂ ತಕರಾರು ತೆಗೆದಿದ್ದರು. ಆದರೆ ಅಜ್ಜ ಅಜ್ಜಿ ಇರುವ ಕುಟುಂಬ ಮೊದಲು ಎರಡೂವರೆ ಗಂಟೆ ಇರುತ್ತಿದ್ದುದು ಈಗ ಐದು ಗಂಟೆ ಇರುತ್ತದೆ, ಅವರ ಊಟ ತಿಂಡಿಯ ಬಿಲ್ಲು 400ರಿಂದ 1,100ರ ಹತ್ತಿರ ಬಂದಿದೆ. ಮಳೆಗಾಲದ ಭಾನುವಾರಕ್ಕೆ 200 ಮಂದಿ, ಬೇಸಿಗೆಯ ಭಾನುವಾರಕ್ಕೆ 300. ಅದಕ್ಕಿಂತ ಹೆಚ್ಚು ಬಿಟ್ಟರೆ ಏತದ ಮುಂದೆ ಸಾಲು ಬೆಳೆಯುತ್ತದೆ. ಸಾಲಿನಲ್ಲಿ ನಿಲ್ಲಲಾರದ ಹಿರಿಯರು ಮತ್ತೆ ಬೆಂಚಿಗೆ ಹೋಗುತ್ತಾರೆ, ಚೀಲದ ಲೆಕ್ಕ ಏರುತ್ತದೆ. ಈಗ ಆ ಲೆಕ್ಕ ನಲವತ್ತಕ್ಕೆ ಮೂರು ನಾಲ್ಕರಲ್ಲಿದೆ. 22 ಲಕ್ಷದ ಸಾಲದಲ್ಲಿ ಸುಮಾರು ಒಂಬತ್ತು ಉಳಿದಿದೆ.

ಈ ಬೇಸಿಗೆಗೆ ಅದರ ಜೊತೆಗೆ ಇನ್ನೊಂದು ಏತ ನಿಲ್ಲಿಸುತ್ತಿದ್ದೇನೆ, ಇದು ಕುಳಿತು ಎಳೆಯುವಂಥದ್ದು, ಮಂಡಿನೋವಿನವರಿಗೆ. ತೊಲೆಯ ಮರ ಕೊಟ್ಟಿಗೆಯ ಮಾಡಿನಡಿ ಒಣಗುತ್ತಿದೆ. ಹಗ್ಗದ ಎತ್ತರ ಎಷ್ಟಿರಬೇಕೆಂದು ಅಳೆಯಲು ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ ನಿನ್ನೆ ಮೂರು ಸಲ ಗುರುತು ಹಾಕಿದೆ. ಮೂರನೆಯದು ಸರಿಯಾಗಿದೆ ಎಂದಿದ್ದಾರೆ.