ಕಾಗದದ ಚಿಟ್ಟೆಗೆ ರಾಮನಗರದ ಎಳೆ

ನನ್ನ ಜಾದೂ ಕಾರ್ಯಕ್ರಮದಲ್ಲಿ ಜಾಸ್ತಿ ಚಪ್ಪಾಳೆ ಬೀಳುವುದು ಕಾಗದದ ಚಿಟ್ಟೆಗೆ. ತುಂಡು ಕಾಗದವನ್ನು ನಡುವೆ ತಿರುಚಿ ಗಾಳಿಗೆ ಬಿಡುತ್ತೇನೆ. ನಾನು ಕೈಯಲ್ಲಿ ಬೀಸಣಿಗೆ ಬೀಸುತ್ತಾ ಹೋದ ಹಾಗೆ ಅದು ರೆಕ್ಕೆ ಬಡಿಯುತ್ತಾ ಹಾರುತ್ತದೆ, ಹೂವಿನ ಮೇಲೆ ಕೂರುತ್ತದೆ, ಮತ್ತೆ ಏಳುತ್ತದೆ.

ಇದು ಜಪಾನಿನ ಹಳೇ ಆಟ. ಆ ದೇಶ ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ತನ್ನ ಜನರನ್ನು ಹೊರಗೆ ಬಿಟ್ಟಿರಲಿಲ್ಲ. 1866ರಲ್ಲಿ ಆ ಕಟ್ಟು ಸಡಿಲವಾದಾಗ ಮೊದಲ ಪಾಸ್‌ಪೋರ್ಟ್ ಸಿಕ್ಕಿದ್ದು ಯಾರಿಗೆ ಗೊತ್ತಾ? ಸುಮಿದಗಾವಾ ನಾಮಿಗೊರೊ ಎಂಬ ಜಾದೂಗಾರನಿಗೆ! ರಿಸ್ಲೆ ಎಂಬ ಅಮೆರಿಕದ ಸರ್ಕಸ್ ಕಲಾವಿದ ಅವನ ಜೊತೆಗೆ ಬುಗುರಿ ಆಡಿಸುವವರನ್ನೂ ಕಸರತ್ತಿನವರನ್ನೂ ಸೇರಿಸಿ ಯೊಕೊಹಾಮಾದಲ್ಲಿ ಹಡಗು ಹತ್ತಿಸಿದ. ಮರುವರ್ಷ ಅವರು ಪ್ಯಾರಿಸ್‌ನಲ್ಲಿದ್ದರು. ಆಮೇಲೆ ಇಂಥ ತಂಡಗಳು ಊರೂರು ಸುತ್ತಿದವು, ಬ್ರಿಟಿಷರ ಕಾಲದ ಭಾರತಕ್ಕೂ ಬಂದವು. ಮಾತೇ ಬೇಡದ ಆಟ ಅಲ್ವಾ, ಯಾವ ಊರಾದರೇನು?

ಗುಟ್ಟು ಬಿಟ್ಟುಕೊಟ್ಟೆ ಅಂತ ನನ್ನ ಜೊತೆಗಾರರು ಬೈಯಬಾರದು; ಇದು ಎಂದೋ ಅಚ್ಚಾಗಿರುವ ಗುಟ್ಟು. ಚಿಟ್ಟೆಯ ನಡುವಿಗೆ ಕಣ್ಣಿಗೆ ಕಾಣದ ಎಳೆ ಇರುತ್ತದೆ. ಆದರೆ ಎಳೆ ಚಿಟ್ಟೆಯನ್ನು ಎತ್ತುವುದಿಲ್ಲ. ಎತ್ತುವುದು ಗಾಳಿ. ಮೇಯುವ ಹಸುವಿಗೆ ಕಟ್ಟಿದ ಹಗ್ಗದ ಹಾಗೆ, ದೂರ ಹೋಗದಂತೆ ಹಿಡಿಯುವುದಷ್ಟೇ ಎಳೆಯ ಕೆಲಸ.

ಅಂಗಡಿಯ ನೈಲಾನ್ ದಾರ ನನಗೆ ಹಿಡಿಸಲಿಲ್ಲ. ಬಿರುಸು ಜಾಸ್ತಿ, ಬೆಳಕು ಬಿದ್ದರೆ ಮಿಂಚುತ್ತದೆ. ರಾಮನಗರದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಪರಿಚಯದ ಬಿಚ್ಚಾಣಿಕೆದಾರರೊಬ್ಬರನ್ನು ಕೇಳಿದೆ. ‘ಅಷ್ಟಕ್ಕೆ ದುಡ್ಡು ಯಾಕೆ ಸ್ವಾಮಿ, ತಗೊಂಡು ಹೋಗಿ’ ಅಂತ ಒಂದು ಹಿಡಿ ಗೂಡು ಕೊಟ್ಟರು. ಕುದಿಯುವ ನೀರಿಗೆ ಗೂಡು ಹಾಕಿದರೆ ಎಳೆಗೆ ಅಂಟಿದ ಗೋಂದು ಮೆತ್ತಗಾಗುತ್ತದೆ. ಕಡ್ಡಿಯಲ್ಲಿ ಆಡಿಸಿದಾಗ ಮೇಲಿನ ಸಿಕ್ಕು ಎದ್ದು ಬರುತ್ತದೆ. ಅದನ್ನು ಎಳೆದು ತೆಗೆಯುತ್ತಾ ಹೋದರೆ ಕೊನೆಗೆ ಒಂದೇ ಎಳೆ ಉಳಿದು, ಗೂಡು ನೀರಿನಲ್ಲಿ ಉರುಳುತ್ತಾ ಬಿಚ್ಚಿಕೊಳ್ಳುತ್ತದೆ. ಸೀರೆಯ ನೂಲಿಗೆ ಇಂಥ ಹಲವು ಎಳೆ ಕೂಡಿಸುತ್ತಾರೆ. ನನಗೆ ಒಂದೇ ಸಾಕು. ಅದನ್ನು ಕಪ್ಪು ಬಣ್ಣದ ನೀರಿನಲ್ಲಿ ಅದ್ದಿ ಒಣಗಿಸುತ್ತೇನೆ. ಅಂದಹಾಗೆ, ಜೆ.ಎನ್. ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರ್ಮ್ ಮಾಡಿದಾಗ ಕಲಿಸಲು ಕರೆಸಿದ್ದೂ ಜಪಾನಿನವರನ್ನೇ.

ಎಳೆಯ ಒಂದು ತುದಿಯನ್ನು ಸಾಸಿವೆಯಷ್ಟು ಮೇಣದಲ್ಲಿ ಚಿಟ್ಟೆಗೆ ಅಂಟಿಸುತ್ತೇನೆ, ಇನ್ನೊಂದು ತುದಿಯನ್ನು ಅಂಗಿಯ ಗುಂಡಿಗೆ. ಉದ್ದ ಒಂದು ಮೊಳದ ಆಸುಪಾಸು. ಕಾಗದ ತೆಳುವಾಗಿರಬೇಕು, ಬಳೆ ಅಂಗಡಿಯಲ್ಲಿ ಬಳೆ ಸುತ್ತಿಕೊಡುತ್ತಾರಲ್ಲ, ಅಂಥದ್ದು. ಬೀಸಣಿಗೆ ಚಿಟ್ಟೆಯ ಕೆಳಗಿರಬೇಕು. ತೋಳು ಆಡಿಸಬಾರದು, ಮಣಿಕಟ್ಟು ಮಾತ್ರ ಆಡಬೇಕು. ಬೀಸು ಚಿಕ್ಕದು, ಬೇಗ ಬೇಗ. ಕಣ್ಣು ಚಿಟ್ಟೆಯ ಮೇಲೆ. ನಾವು ಬೀಸಣಿಗೆ ನೋಡಿದರೆ ಜನರೂ ಅದನ್ನೇ ನೋಡುತ್ತಾರೆ. ಚಿಟ್ಟೆ ಹೂವಿನ ಮೇಲೆ ಕೂರಬೇಕಾದರೆ ಬೀಸು ನಿಧಾನ ಮಾಡಿ, ಮೈಯನ್ನು ಒಂದಿಷ್ಟು ಹೂವಿನ ಕಡೆ ವಾಲಿಸಬೇಕು. ನೋಡುವವರಿಗೆ ಚಿಟ್ಟೆಯೇ ಹೂವು ಹುಡುಕಿಕೊಂಡ ಹಾಗೆ ಕಾಣುತ್ತದೆ.

ಹಳೇ ಜಪಾನಿ ಕಲಾವಿದರು ಎರಡನೇ ಚಿಟ್ಟೆಯನ್ನೂ ಬಿಡುತ್ತಿದ್ದರು, ಒಂದರ ಹಿಂದೆ ಒಂದು ಸುತ್ತುವ ಜೋಡಿ. ಎಳೆಯ ಎರಡು ತುದಿಗೆ ಎರಡು ಚಿಟ್ಟೆ ಅಂಟಿಸಿ ನಡುಭಾಗವನ್ನು ಗುಂಡಿಗೆ ಸಿಕ್ಕಿಸಿದರೆ ಆಯಿತು. ಒಂದು ಸಣ್ಣ, ಒಂದು ದೊಡ್ಡ ಅಳತೆ ಇಟ್ಟುಕೊಂಡರೆ ಎಳೆ ಸಿಕ್ಕಾಗುವುದು ಕಡಿಮೆ.

ಅವರ ಕಾಲದ ರಂಗದಲ್ಲಿ ಗ್ಯಾಸ್ ದೀಪ, ಮಂದ ಬೆಳಕು. ನಮಗೋ ಎಲ್‌ಇಡಿ, ಮೇಲೆ ಮೊಬೈಲ್ ಫ್ಲ್ಯಾಶ್. ಅದಕ್ಕೇ ಹಿಂದೆ ಕಪ್ಪು ಪರದೆ ಇರಲೇಬೇಕು, ದೀಪ ಪಕ್ಕದಿಂದ ಬರಬಾರದು ಅಂತ ಮುಂಚೆಯೇ ಹೇಳಿಬಿಡುತ್ತೇನೆ. ಅದಕ್ಕಿಂತ ದೊಡ್ಡ ಶತ್ರು ಸೀಲಿಂಗ್ ಫ್ಯಾನ್. ಕಲ್ಯಾಣ ಮಂಟಪದಲ್ಲಿ ಐದು ನಿಮಿಷ ಫ್ಯಾನ್ ಆರಿಸಿ ಎಂದರೆ ಸುಮ್ನೆ ನಕ್ಕುಬಿಡುತ್ತಾರೆ. ಅಂಥ ಕಡೆ ಚಿಟ್ಟೆಯನ್ನು ಪೆಟ್ಟಿಗೆಯಿಂದ ತೆಗೆಯುವುದೇ ಇಲ್ಲ, ಇಸ್ಪೀಟಿನ ಆಟ ತೋರಿಸಿ ಬರುತ್ತೇನೆ.